ಮುದ್ದಿನ ನಾಯಿ ಮನೆಯವರನ್ನೇ ಕಚ್ಚಿದರೆ...

ಕಾಲಿಂಗ್ ಬೆಲ್ ಸದ್ದಾದ ಕೂಡಲೇ ನಿಮ್ಮ ಎದೆ ಢವಢವ ಅನ್ನುತ್ತದೆಯೇ? ಒಲೆ ಮೇಲಿನ ಹಾಲು ಉಕ್ಕಿದರೂ ಸರಿ, ಮೊದಲು ನಾಯಿಯನ್ನು ರೂಮಿಗೆ ಸೇರಿಸಿ ಚಿಲಕ ಹಾಕಿ ಬರುತ್ತೀರಾ? ‘ನಿಮ್ಮ ನಾಯೀನ ಮೊದಲು ಕಟ್ಟಿಹಾಕಿ, ಆಮೇಲೆ ಬರ್ತೀವಿ’ ಎಂದು ನೆಂಟರು ಫೋನಿನಲ್ಲೇ ಷರತ್ತು ಹಾಕುತ್ತಾರಾ? ಹಾಗಾದರೆ ಈ ಮಾತು ನಿಮಗೇ.

ನಮ್ಮನೆ ಕತೆಯೂ ಇದೇ. 2020ರ ಲಾಕ್‌ಡೌನ್ ಸಮಯದಲ್ಲಿ ಗೇಟಿನ ಹತ್ತಿರ ಸಿಕ್ಕ ಪುಟ್ಟ ಮರಿ ಚಿನ್ನು. ಮಕ್ಕಳಿಗೂ ಹೊತ್ತು ಹೋಗುತ್ತೆ ಅಂತ ಒಳಗೆ ಕರೆದುಕೊಂಡೆವು. ನಾಯಿಮರಿಗಳು ಮೂರನೇ ವಾರದಿಂದ ಹೆಚ್ಚುಕಮ್ಮಿ ಹದಿನಾಲ್ಕನೇ ವಾರದವರೆಗೆ ಯಾರನ್ನೆಲ್ಲ ನೋಡುತ್ತವೋ, ಯಾವ ಸದ್ದು ಕೇಳುತ್ತವೋ ಅದಕ್ಕೆಲ್ಲ ಸುಲಭವಾಗಿ ಒಗ್ಗಿಕೊಳ್ಳುತ್ತವೆ. ನಮ್ಮ ಚಿನ್ನು ಆ ವಾರಗಳಲ್ಲಿ ನೋಡಿದ್ದು ಮನೆಯವರನ್ನು ಮಾತ್ರ. ಹೊರಗಿನವರು ಬಂದರೆ ಸೋಫಾ ಕೆಳಗೆ ನಡುಗುತ್ತಾ ಕೂರುತ್ತಿದ್ದ. ಬೆಳೆದಂತೆ ಗುರ್ ಅನ್ನತೊಡಗಿದ, ಹಲ್ಲು ತೋರಿಸತೊಡಗಿದ. ‘ಕಾವಲು ಚೆನ್ನಾಗಿ ಕಾಯುತ್ತೆ’ ಅಂತ ನಾವು ಹೆಮ್ಮೆ ಪಟ್ಟೆವು. ಅದು ಕಾವಲಲ್ಲ, ಹೆದರಿಕೆ ಅಂತ ಗೊತ್ತಾಗುವ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು. ಅತ್ತೆಯವರ ಮುಂಗೈಯಲ್ಲಿ ಮೂರು ಹಲ್ಲಿನ ಗಾಯವಾಗಿತ್ತು.

ಆ ರಾತ್ರಿ ಮನೆಯಲ್ಲಿ ಪಂಚಾಯಿತಿ. ‘ಎಲ್ಲಾದರೂ ದೂರ ಬಿಟ್ಟು ಬರೋಣ’ ಅಂದರು ನಮ್ಮ ಯಜಮಾನರು. ಮಕ್ಕಳು ಅತ್ತರು. ಕಚ್ಚಿಸಿಕೊಂಡ ಅತ್ತೆ ಮಾತ್ರ, ‘ಸೊಂಟದ ಹತ್ರ ಕೈ ಇಟ್ಟಿದ್ದಕ್ಕೇ ಕಚ್ಚಿದ ಕಣೇ, ಅಲ್ಲೇನೋ ನೋವಿರಬೇಕು’ ಅಂದರು. ಕೊನೆಗೆ ಅವರ ಮಾತೇ ನಿಜವಾಯಿತು.

ಗಾಯಕ್ಕೆ ಅರಿಶಿನ ಬೇಡ

ನಾಯಿಯ ವಿಚಾರ ಆಮೇಲೆ, ಮೊದಲು ಕಚ್ಚಿಸಿಕೊಂಡವರ ವಿಚಾರ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಕಾಫಿ ಪುಡಿ, ಸುಣ್ಣ ಏನನ್ನೂ ಮೆತ್ತಬೇಡಿ. ‘ನಮ್ಮ ನಾಯಿಗೆ ಲಸಿಕೆ ಹಾಕಿಸಿದೆ’ ಅಂತ ಸುಮ್ಮನಿರದೆ ಅದೇ ದಿನ ವೈದ್ಯರನ್ನು ಕಾಣಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಜೀವ ಉಳಿಯುವುದು ತೀರಾ ಅಪರೂಪ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅನ್ನುವ ಕಾಲ ಹೋಯಿತು, ಈಗ ತೋಳಿಗೇ ಕೊಡುತ್ತಾರೆ. ನಾಯಿಯ ಮೇಲೆ ಹತ್ತು ದಿನ ಕಣ್ಣಿಡಿ.

ಕೋಪದ ಹಿಂದೆ ನೋವಿದೆಯೇ?

ಒಳ್ಳೆಯ ನಾಯಿ ಇದ್ದಕ್ಕಿದ್ದಂತೆ ಸಿಡುಕಿದರೆ ಮೊದಲು ಹುಡುಕಬೇಕಾದ್ದು ನೋವನ್ನು. ಕಿವಿಯೊಳಗಿನ ಸೋಂಕು, ಕೊಳೆತ ಹಲ್ಲು, ಸವೆದ ಸೊಂಟದ ಕೀಲು, ಮಂಜಾಗುತ್ತಿರುವ ಕಣ್ಣು, ಟಿಕ್ ಫೀವರ್ ಇವೆಲ್ಲ ನಾಯಿಯನ್ನು ಮುಂಗೋಪಿ ಮಾಡಬಲ್ಲವು. ಚರ್ಮದ ತುರಿಕೆಗೆ ಕೊಡುವ ಸ್ಟಿರಾಯ್ಡ್ ಮಾತ್ರೆಯಿಂದಲೂ ಕೆಲವು ನಾಯಿಗಳಿಗೆ ಹಸಿವು, ಬಾಯಾರಿಕೆ, ಸಿಡುಕು ಹೆಚ್ಚುವುದುಂಟು.

ಹೆದರುವ ನಾಯಿಯನ್ನು ಆಸ್ಪತ್ರೆಗೆ ಒಯ್ಯುವುದೇ ಒಂದು ಯುದ್ಧ. ಡಾಕ್ಟರಿಗೆ ಮೊದಲೇ ಫೋನ್ ಮಾಡಿ ಹೇಳಿ. ಬೆಳಗಿನ ಮೊದಲ ಸರದಿ ಕೇಳಿ, ಕರೆಯುವವರೆಗೂ ಕಾರಿನಲ್ಲೇ ಕೂರಿಸಿ. ಹೊರಡುವ ಮುನ್ನ ಕೊಡುವ ಹೆದರಿಕೆ ತಗ್ಗಿಸುವ ಮಾತ್ರೆಗಳಿವೆ, ಡಾಕ್ಟರೇ ಬರೆದುಕೊಡಬೇಕು. ಮತ್ತು ಬರಿಸಿ ಎಕ್ಸ್‌ರೇ ತೆಗೆಯುವ ಏರ್ಪಾಡೂ ಇರುತ್ತದೆ. ದೊಡ್ಡ ತಪಾಸಣೆ ಬೇಕಾದರೆ ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ. ಬೀದರ್, ಹಾಸನ, ಶಿವಮೊಗ್ಗಗಳಲ್ಲೂ ಇಂಥ ಕಾಲೇಜುಗಳಿವೆ. ನಮಗೆ ಕೊಟ್ಟ ನೋವಿನ ಮಾತ್ರೆಯನ್ನು ಮಾತ್ರ ಅಪ್ಪಿತಪ್ಪಿಯೂ ನಾಯಿಗೆ ಕೊಡಬೇಡಿ. ಐಬುಪ್ರೊಫೆನ್‌ನಂಥ ಮಾತ್ರೆ ಅದರ ಹೊಟ್ಟೆ, ಮೂತ್ರಪಿಂಡ ಎರಡನ್ನೂ ಹಾಳು ಮಾಡುತ್ತದೆ.

ಎಕ್ಸ್‌ರೇ ನೋಡಿದಾಗ ಚಿನ್ನುವಿನ ಸೊಂಟದ ಕೀಲು ಸವೆದಿತ್ತು. ಜೊತೆಗೆ ಬಲಗಿವಿಯೊಳಗೆ ಹಳೆಯ ಸೋಂಕು. ತಿಂಗಳುಗಟ್ಟಲೆ ನೋವು ನುಂಗಿಕೊಂಡಿದ್ದ ಪ್ರಾಣಿಯನ್ನು ‘ಕೊಬ್ಬು ಜಾಸ್ತಿಯಾಗಿದೆ’ ಅಂತ ಬೈದಿದ್ದು ನೆನೆದು ನನಗೆ ಗಂಟಲು ಕಟ್ಟಿತು.

ಒಂದು ನೋಟ್‌ಬುಕ್ ಇಡಿ

ಯಾವ ದಿನ, ಎಷ್ಟು ಹೊತ್ತಿಗೆ, ಯಾರ ಮೇಲೆ, ಅದಕ್ಕೆ ಮುಂಚೆ ಏನಾಗಿತ್ತು ಎಂಬುದನ್ನು ಬರೆದಿಡಿ. ಹಾಲಿನ ಲೆಕ್ಕ ಬರೆಯುವಷ್ಟೇ ಸುಲಭ. ಹದಿನೈದು ದಿನದಲ್ಲಿ ಒಂದು ಚಿತ್ರ ಸಿಗುತ್ತದೆ. ಊಟದ ತಟ್ಟೆಯ ಹತ್ತಿರವೇ? ಮಲಗಿದ್ದಾಗ ಮುಟ್ಟಿದರೆಯೇ? ಡಾಕ್ಟರಿಗೂ ಇದು ದೊಡ್ಡ ಸಹಾಯ.

ಕಚ್ಚುವುದರಲ್ಲೂ ಹಂತಗಳಿವೆ. ನಾಯಿಗಳ ನಡವಳಿಕೆಯ ತಜ್ಞ, ಪಶುವೈದ್ಯ ಇಯಾನ್ ಡನ್‌ಬಾರ್ ಆರು ಹಂತ ಮಾಡಿದ್ದಾರೆ. ಮೊದಲನೆಯದರಲ್ಲಿ ಹಲ್ಲು ತಾಗುವುದಿಲ್ಲ, ಎರಡನೆಯದರಲ್ಲಿ ತಾಗಿದರೂ ಚರ್ಮಕ್ಕೆ ಇಳಿಯುವುದಿಲ್ಲ. ಮೂರನೆಯದರಲ್ಲಿ ಒಂದೇ ಸಲ ಕಚ್ಚಿ, ಒಂದರಿಂದ ನಾಲ್ಕು ಮೇಲುಮೇಲಿನ ತೂತು. ನಾಲ್ಕನೆಯದು ಆಳವಾದ ಗಾಯ, ಐದನೆಯದು ಮತ್ತೆ ಮತ್ತೆ ಆಳವಾಗಿ ಕಚ್ಚುವುದು, ಆರನೆಯದು ಸಾವು. ಮೊದಲ ಎರಡು ಹಂತದ ನಾಯಿ ಸುಧಾರಿಸುವ ಆಸೆ ಚೆನ್ನಾಗಿಯೇ ಇದೆ. ಮೂರಕ್ಕೆ ಮನೆಮಂದಿಯೆಲ್ಲ ಶಿಸ್ತಿನಿಂದ ಇರಬೇಕು. ನಾಲ್ಕು ದಾಟಿತೆಂದರೆ, ಮಕ್ಕಳು ಮುದುಕರು ಇರುವ ಮನೆಯಲ್ಲಿ ಅಪಾಯ ಬಾಗಿಲೊಳಗೇ ಇದೆ ಎಂದರ್ಥ.

ಮನೆಯೊಳಗಿನ ಬಂದೋಬಸ್ತು

ಅಡುಗೆಮನೆ ಬಾಗಿಲಿಗೋ ವರಾಂಡಕ್ಕೋ ಒಂದು ಸಣ್ಣ ಗೇಟು ಹಾಕಿಸಿ. ಮಕ್ಕಳನ್ನೂ ನಾಯಿಯನ್ನೂ ಒಂಟಿಯಾಗಿ ಬಿಡಬೇಡಿ. ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಆಗುವಂಥ ಬುಟ್ಟಿ ಆಕಾರದ ಬಾಯಿಕುಕ್ಕೆಯನ್ನು ತಿಂಡಿಯ ಆಸೆ ತೋರಿಸಿ ನಿಧಾನವಾಗಿ ರೂಢಿ ಮಾಡಿಸಿ. ಜಾರುವ ಟೈಲ್ಸ್ ಮೇಲೆ ಹಳೆಯ ಯೋಗ ಮ್ಯಾಟ್ ಹಾಸಿದರೆ ಕೀಲುನೋವಿನ ನಾಯಿಗೆ ಅರ್ಧ ಸಂಕಟ ಕಡಿಮೆ.

ಹೊಡೆಯಬೇಡಿ. ಹೆದರಿದ ಪ್ರಾಣಿಗೆ ಹೊಡೆದರೆ ಹೆದರಿಕೆ ಹೆಚ್ಚುತ್ತದೆಯೇ ಹೊರತು ಬುದ್ಧಿ ಬರುವುದಿಲ್ಲ. ಗುರ್ ಅಂದಾಗಲೂ ಗದರಬೇಡಿ. ಅದು ಎಚ್ಚರಿಕೆಯ ಗಂಟೆ. ಗಂಟೆ ಬಾಯಿ ಮುಚ್ಚಿಸಿದರೆ ಮುಂದಿನ ಸಲ ಹೇಳದೆ ಕೇಳದೆ ಕಚ್ಚೀತು. ಹೆದರಿಕೆ ಮಿತಿಮೀರಿದ್ದರೆ ಡಾಕ್ಟರು ಫ್ಲೂಒಕ್ಸೆಟಿನ್‌ನಂಥ ಮಾತ್ರೆ ಬರೆದಾರು. ಅದರ ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ನಡುವೆ ನಿಲ್ಲಿಸಬೇಡಿ.

ಇವೆರಡು ದಾರಿಯೇ ಅಲ್ಲ

ಬೀದಿಗೆ ಬಿಟ್ಟು ಬರುವುದು ಒಂದು. ಮನೆಯನ್ನ ತಿಂದು ಬೆಳೆದ, ನೋವಿರುವ, ಹೆದರುಪುಕ್ಕಲ ನಾಯಿ ಬೀದಿನಾಯಿಗಳ ನಡುವೆ ಎಷ್ಟು ದಿನ ಬದುಕೀತು? ಸಾಕಿದ ಪ್ರಾಣಿಯನ್ನು ಹೀಗೆ ಹಸಿವು, ಬಾಯಾರಿಕೆಗೆ ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಕಚ್ಚುವ ವಿಷಯ ಮುಚ್ಚಿಟ್ಟು ಬೇರೆಯವರಿಗೆ ದಾಟಿಸುವುದು ಇನ್ನೊಂದು. ನಿಮ್ಮ ಮನೆಯ ಭಾರ ಇಳಿದೀತು, ಆದರೆ ಮುಂದೆ ಕಚ್ಚಿಸಿಕೊಳ್ಳುವುದು ಅವರ ಮನೆ ಮಗು. ನಾಯಿಗಳ ಆಶ್ರಯಧಾಮವನ್ನು ಕೇಳುವುದಾದರೆ ಇದ್ದದ್ದು ಇದ್ದ ಹಾಗೇ ಹೇಳಿ. ಅಲ್ಲಿನ ಗಲಾಟೆ, ಬೊಗಳಾಟದ ನಡುವೆ ಹೆದರುವ ನಾಯಿ ಇನ್ನಷ್ಟು ಕುಗ್ಗಬಹುದು ಎಂಬುದೂ ನೆನಪಿರಲಿ.

ಕೊನೆಯ ದಾರಿ

ಎಲ್ಲ ಮಾಡಿದ ಮೇಲೂ ಸರಿಹೋಗದ ಮನೆಗಳಿವೆ. ನನ್ನ ಗೆಳತಿಯೊಬ್ಬಳ ಎಂಟು ವರ್ಷದ ನಾಯಿಗೆ ಫಿಟ್ಸ್ ಶುರುವಾಯಿತು. ಫಿಟ್ಸ್ ಇಳಿದ ಮೇಲೆ ಗುರುತೇ ಸಿಗದಂತೆ ಮೈಮೇಲೆ ಎರಗುತ್ತಿತ್ತು. ಎರಡು ತಿಂಗಳು ಔಷಧಿ, ಎರಡು ಸಲ ಡಾಕ್ಟರ ಬದಲಾವಣೆ ಎಲ್ಲ ಆಯಿತು. ಒಂದು ದಿನ ಎರಡು ವರ್ಷದ ಮಗುವಿನ ಕೆನ್ನೆಗೇ ಬಾಯಿ ಹಾಕಿತು, ಆಳವಾಗಿ. ಡಾಕ್ಟರ ಹತ್ತಿರ ಕೂತು ಮಾತಾಡಿ ಅವರು ದಯಾಮರಣ ಒಪ್ಪಿದರು. ಮೊದಲು ಮಂಪರಿನ ಇಂಜೆಕ್ಷನ್, ಆಮೇಲೆ ಅರಿವಳಿಕೆಯ ಹೆಚ್ಚಿನ ಪ್ರಮಾಣ. ಅವಳ ತೊಡೆ ಮೇಲೆ ತಲೆಯಿಟ್ಟೇ ಅದು ನಿದ್ದೆ ಹೋಯಿತಂತೆ. ಅಕ್ಕಪಕ್ಕದವರು ‘ಕೊಲ್ಲಿಸಿಬಿಟ್ರಾ?’ ಅಂದರು. ಹಾಗೆ ಕೇಳಿದವರಲ್ಲಿ ಒಬ್ಬರೂ ಒಂದು ರಾತ್ರಿ ಆ ನಾಯಿಯ ಪಕ್ಕ ಎದ್ದು ಕೂತವರಲ್ಲ.

ಕಚ್ಚಿದ ದಿನವೇ ತೀರ್ಮಾನ ಮಾಡಬೇಡಿ. ಒಂದು ವಾರ ಬಿಟ್ಟು, ಮನೆಯವರೆಲ್ಲ ಕೂತು ಇಷ್ಟು ಕೇಳಿಕೊಳ್ಳಿ. ನೋವು ಔಷಧಿಗೆ ಬಗ್ಗುತ್ತಿದೆಯೇ? ನೋಟ್‌ಬುಕ್ಕಿನಲ್ಲಿ ಒಳ್ಳೆಯ ದಿನ ಹೆಚ್ಚೋ, ಕೆಟ್ಟ ದಿನ ಹೆಚ್ಚೋ? ತನ್ನನ್ನು ತಾನು ಕಾಪಾಡಿಕೊಳ್ಳಲಾಗದವರು ಮನೆಯಲ್ಲಿ ಇದ್ದಾರೆಯೇ? ಖರ್ಚು ಎಷ್ಟು ವರ್ಷ ತಡೆದುಕೊಳ್ಳಬಹುದು?

ಕೊನೆಯ ಪ್ರಶ್ನೆ ನಿಮಗಾಗಿ: ಈ ಬಂದೋಬಸ್ತೆಲ್ಲ ಮಾಡುತ್ತಿರುವುದು ಯಾರು? ಎಲ್ಲರೂ ಆಫೀಸು, ಸ್ಕೂಲಿಗೆ ಹೋದ ಮೇಲೆ ದಿನವಿಡೀ ಆ ನಾಯಿಯ ಜೊತೆ ಇರುವವರು ನೀವು. ಗೇಟು ಹಾಕುವವರು, ಮಾತ್ರೆ ನುಂಗಿಸುವವರು, ಬೆಲ್ ಸದ್ದಿಗೆ ಬೆಚ್ಚುವವರು ನೀವು. ಹಾಗಾಗಿ ‘ಇನ್ನು ನನ್ನಿಂದಾಗದು’ ಎಂದಾಗಲಿ, ‘ಇನ್ನೂ ನೋಡಿಕೊಳ್ಳಬಲ್ಲೆ’ ಎಂದಾಗಲಿ ನೀವು ಹೇಳಿದರೆ ಆ ಮಾತಿಗೆ ತೂಕ ಇರಬೇಕು. ನೀವೂ ಹೆದರದೆ ಹೇಳಬೇಕು. ಇದು ನಾಯಿಯ ಮೇಲಿನ ಪ್ರೀತಿ ಕಡಿಮೆಯಾದ ಲಕ್ಷಣವಲ್ಲ.

ನಮ್ಮ ಚಿನ್ನು ಇದ್ದಾನೆ. ತೂಕ ಇಳಿದಿದೆ, ಕಿವಿ ವಾಸಿಯಾಗಿದೆ, ಆಮೇಲೆ ಯಾರನ್ನೂ ಕಚ್ಚಿಲ್ಲ. ಬೆಲ್ ಸದ್ದಾದರೆ ತಾನೇ ಎದ್ದು ಗೇಟಿನಾಚೆ ಹೋಗಿ ಕೂರುತ್ತಾನೆ, ಅತ್ತೆ ಒಂದು ಚೂರು ಚಪಾತಿ ಹಾಕುತ್ತಾರೆ. ನಾಳೆ ಅವನ ನೋವು ಔಷಧಿಗೆ ಬಗ್ಗದೆ ಹೋದರೆ ಏನು ಮಾಡಬೇಕೆಂಬುದನ್ನೂ ನಾವು ಮಾತಾಡಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇವೆ. ಆ ಪುಟ ತೆಗೆಯುವ ದಿನ ಬಾರದಿರಲಿ. ಬಂದರೆ, ಕಣ್ಣೊರೆಸಿಕೊಂಡಾದರೂ ತೆಗೆಯುತ್ತೇವೆ.