ನಮ್ಮ ಲೇಬಲ್ ನಾವೇ ಮಾಡೋಣ: ಪುಟವಿನ್ಯಾಸದ ಮೊದಲ ಪಾಠ



ಉಪ್ಪಿನಕಾಯಿ, ಹಪ್ಪಳ, ಸಾಂಬಾರು ಪುಡಿ, ಹಲಸಿನ ಚಿಪ್ಸ್ ಹೀಗೆ ನಮ್ಮ ಸಂಘಗಳು ತಯಾರಿಸುವ ವಸ್ತುಗಳ ರುಚಿಯಲ್ಲಿ ಕೊರತೆ ಇಲ್ಲ. ಆದರೆ ಪ್ಯಾಕೆಟಿನ ಮೇಲೆ ಅಂಟಿಸುವ ಲೇಬಲ್ ಬೇಕೆಂದರೆ ಪೇಟೆಯ ಡಿ.ಟಿ.ಪಿ. ಅಂಗಡಿಯ ಬೆಂಚಿನ ಮೇಲೆ ಕಾಯಬೇಕು. ಬೆಲೆ 60 ರೂಪಾಯಿಯಿಂದ 70ಕ್ಕೆ ಏರಿದರೆ ಮತ್ತೆ ಹೋಗಬೇಕು. 200 ಗ್ರಾಂ ಎಂದಿರಬೇಕಾದ ಕಡೆ 250 ಎಂದು ಬಿದ್ದರೆ ಸಾವಿರ ಲೇಬಲ್ ಒಲೆಗೆ ಹೋಗ್ತದೆ. ಅದರ ಹಣ ಹೋಗುವುದು ನಮ್ಮ ಉಳಿತಾಯದಿಂದ. ಫೈಲ್ ಕೂಡ ಅಂಗಡಿಯ ಕಂಪ್ಯೂಟರಿನಲ್ಲೇ ಉಳಿಯುತ್ತದೆ.

ಸಂಘದಲ್ಲಿ ಇಬ್ಬರಾದರೂ ಪುಟವಿನ್ಯಾಸ ಕಲಿತರೆ ಈ ಅವಲಂಬನೆ ತಪ್ಪುತ್ತದೆ. "ಕಂಪ್ಯೂಟರ್ ಎಲ್ಲ ನಮಗಲ್ಲ ಸಿಸ್ಟರ್" ಎಂದು ಹೇಳುವವರಿದ್ದಾರೆ. ಹಪ್ಪಳವನ್ನು ಒಂದೇ ಅಳತೆಗೆ ಲಟ್ಟಿಸುವ ಕೈಗೆ ಮೌಸ್ ಹಿಡಿಯುವುದು ದೊಡ್ಡ ಕೆಲಸವಲ್ಲ. ಬೇಕಾದದ್ದು ಅಭ್ಯಾಸ ಮಾತ್ರ.

ಪುಟವಿನ್ಯಾಸ ಎಂದರೇನು?

ಅಕ್ಷರ, ಚಿತ್ರ, ಗೆರೆ ಇವುಗಳನ್ನು ಅಳತೆ ಪ್ರಕಾರ ಒಂದು ಪುಟದಲ್ಲಿ ಜೋಡಿಸುವುದೇ ಪುಟವಿನ್ಯಾಸ. ಹಿಂದೆ ಮುದ್ರಣಾಲಯಗಳಲ್ಲಿ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಕೈಯಲ್ಲೇ ಜೋಡಿಸುತ್ತಿದ್ದರು. 1985ರಲ್ಲಿ ಆಲ್ಡಸ್ ಎಂಬ ಕಂಪನಿ ಪೇಜ್‌ಮೇಕರ್ ಸಾಫ್ಟ್‌ವೇರ್ ಹೊರತಂದಿತು. ಆ ಕಂಪನಿಯ ಪೌಲ್ ಬ್ರೈನರ್ಡ್ ಈ ಕೆಲಸಕ್ಕೆ ಡೆಸ್ಕ್‌ಟಾಪ್ ಪಬ್ಲಿಷಿಂಗ್ ಎಂಬ ಹೆಸರು ಕೊಟ್ಟರು. ನಾವು ಡಿ.ಟಿ.ಪಿ. ಎನ್ನುವುದು ಇದನ್ನೇ.

ಪತ್ರ ಬರೆಯುವ ವರ್ಡ್ ಸಾಫ್ಟ್‌ವೇರ್‌ನಲ್ಲಿ ಒಂದು ಸಾಲು ಸೇರಿಸಿದರೆ ಕೆಳಗಿನದೆಲ್ಲ ಜಾರುತ್ತದೆ. ಪುಟವಿನ್ಯಾಸದಲ್ಲಿ ಹಾಗಲ್ಲ. ಪ್ರತಿಯೊಂದು ವಸ್ತುವೂ ತನ್ನ ಚೌಕಟ್ಟಿನೊಳಗೆ ಇಟ್ಟಲ್ಲೇ ಇರ್ತದೆ. ಮಸಾಲೆ ಡಬ್ಬಿಯಲ್ಲಿ ಸಾಸಿವೆ, ಜೀರಿಗೆ, ಮೆಂತ್ಯೆಗೆ ಬೇರೆ ಬೇರೆ ಬಟ್ಟಲು ಇರುವಂತೆ ಇದು.

ಯಾವ ಸಾಫ್ಟ್‌ವೇರ್?

ಹಳೆಯ ಅಂಗಡಿಗಳಲ್ಲಿ ಈಗಲೂ ಪೇಜ್‌ಮೇಕರ್ ಕಾಣಸಿಗುತ್ತದೆ. 2001ರಲ್ಲಿ ಬಂದ 7.0 ಆವೃತ್ತಿಯೇ ಅದರ ಕೊನೆಯದು. ಅದನ್ನು 1994ರಲ್ಲಿ ತನ್ನದಾಗಿಸಿಕೊಂಡ ಅಡೋಬಿ ಕಂಪನಿಯ ಇನ್‌ಡಿಸೈನ್ ಈಗ ದೊಡ್ಡ ಮುದ್ರಣಾಲಯಗಳಲ್ಲಿದೆ. ಅದಕ್ಕೆ ಚಂದಾ ಹಣ ಕಟ್ಟಬೇಕು. ಹಣ ಕೊಡದೆ ಕಲಿಯಲಿಕ್ಕೆ ಸ್ಕ್ರೈಬಸ್ ಉಂಟು. ಇದು ಎಲ್ಲರಿಗೂ ಉಚಿತ. 2024ರಲ್ಲಿ ಬಂದ ಇದರ 1.6 ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರಗಳೂ ಸರಿಯಾಗಿ ಬರುತ್ತವೆ. ಒಂದರಲ್ಲಿ ಕೈ ಪಳಗಿದರೆ ಉಳಿದವು ಕಷ್ಟವಾಗುವುದಿಲ್ಲ.

ಕನ್ನಡ ಟೈಪಿಂಗಿಗೆ ನುಡಿ, ಬರಹ ಇವೆ. ನುಡಿಯಲ್ಲಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ. ಅದರಲ್ಲಿ ಒತ್ತಕ್ಷರ ಬೇಕಾದರೆ ಎರಡು ವ್ಯಂಜನಗಳ ನಡುವೆ ಎಫ್ ಕೀಲಿ ಒತ್ತಬೇಕು. ಟೈಪ್ ಮಾಡುವಾಗ ಯೂನಿಕೋಡ್ ಆಯ್ಕೆಯನ್ನೇ ಬಳಸಿರಿ. ಹಳೆಯ ವಿಧಾನದಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಿಸುತ್ತದೆ.

ಮೊದಲು ಕಾಗದ, ಆಮೇಲೆ ಕಂಪ್ಯೂಟರ್

ಕಂಪ್ಯೂಟರ್ ಎದುರು ಕೂರುವ ಮೊದಲು ಲೇಬಲಿನಲ್ಲಿ ಏನೇನು ಬೇಕೆಂದು ಸಂಘದ ಸಭೆಯಲ್ಲಿ ಕುಳಿತು ಬರೆಯಿರಿ: ಪದಾರ್ಥದ ಹೆಸರು, ಬಳಸಿದ ಸಾಮಗ್ರಿಗಳು, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ತಯಾರಿಸಿದ ದಿನಾಂಕ, ಎಷ್ಟರೊಳಗೆ ಬಳಸಬೇಕು, ಬ್ಯಾಚ್ ಸಂಖ್ಯೆ, ಸಂಘದ ಹೆಸರು ಮತ್ತು ವಿಳಾಸ, ಗ್ರಾಹಕರು ದೂರು ಹೇಳಲು ಫೋನ್ ನಂಬರು, ಎಫ್.ಎಸ್.ಎಸ್.ಎ.ಐ.ನ 14 ಅಂಕೆಗಳ ಸಂಖ್ಯೆ, ಮತ್ತು ಸಸ್ಯಾಹಾರವೆಂದು ತೋರಿಸುವ ಹಸಿರು ಚೌಕದೊಳಗಿನ ಹಸಿರು ಚುಕ್ಕೆ. ಆಹಾರ ಸುರಕ್ಷತಾ ನಿಯಮದಂತೆ ಈ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು. ನಮ್ಮ ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಮೇಲೆ ಕನ್ನಡವೂ ಇರಬೇಕೆಂದು ಸರ್ಕಾರ 2025ರಲ್ಲಿ ಆದೇಶಿಸಿದೆ. ಆದ್ದರಿಂದ ಎರಡು ಭಾಷೆಗೂ ಜಾಗ ಇಡಿ. ಅಕ್ಷರದ ಗಾತ್ರಕ್ಕೂ ನಿಯಮ ಉಂಟು. ಮೊದಲ ನಮೂನೆಯನ್ನು ಆಹಾರ ಸುರಕ್ಷತಾ ಅಧಿಕಾರಿಗೆ ತೋರಿಸುವುದು ಒಳ್ಳೆಯದು.

ಇನ್ನು ಅಳತೆ. 60 ಮಿ.ಮೀ. ಅಗಲ, 90 ಮಿ.ಮೀ. ಎತ್ತರದ ಲೇಬಲ್ ಎಂದಿಟ್ಟುಕೊಳ್ಳೋಣ. ಸುತ್ತ 5 ಮಿ.ಮೀ. ಅಂಚು ಬಿಟ್ಟರೆ ಒಳಗೆ ಉಳಿಯುವುದು 50 ಅಗಲ, 80 ಎತ್ತರ. ಹೆಸರಿಗೆ 15, ಚಿತ್ರಕ್ಕೆ 30, ಸಾಮಗ್ರಿಗಳಿಗೆ 15, ಉಳಿದ ವಿವರಕ್ಕೆ 20 ಮಿ.ಮೀ. ಎತ್ತರ ಕೊಡಿ. ಇದನ್ನು ಸ್ಕೇಲು ಹಿಡಿದು ಕಾಗದದಲ್ಲಿ ಗೆರೆ ಹಾಕಿ ನೋಡಿರಿ. ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ಮುಖ್ಯ ಉಪಕರಣಗಳು

ಸ್ಕ್ರೈಬಸ್ ತೆರೆದಾಗ ಹೊಸ ದಾಖಲೆಯ ಕಿಟಕಿ ಬರುತ್ತದೆ. ಅದರಲ್ಲಿ ಎ4 ಗಾತ್ರ ಆರಿಸಿ, ಅಳತೆಯನ್ನು ಮಿಲಿಮೀಟರಿಗೆ ಬದಲಾಯಿಸಿ. ಮೇಲಿನ ಪಟ್ಟಿಯಲ್ಲಿ ಸಣ್ಣ ಸಣ್ಣ ಚಿತ್ರಗಳು ಕಾಣುತ್ತವೆ. ಅವೇ ನಮ್ಮ ಉಪಕರಣಗಳು.

1. ಬಾಣ: ವಸ್ತುವನ್ನು ಆರಿಸಲು, ಸರಿಸಲು, ಹಿಗ್ಗಿಸಲು. ಬೇರೆ ಯಾವ ಉಪಕರಣ ಬಳಸಿದರೂ ಕೊನೆಗೆ ಬಾಣಕ್ಕೇ ಮರಳಬೇಕು.

2. ಅಕ್ಷರ ಚೌಕಟ್ಟು: ಕೀಲಿಮಣೆಯ ಟಿ ಒತ್ತಿ, ಮೌಸ್ ಎಳೆದು ಚೌಕ ಮಾಡಿ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ ಟೈಪ್ ಮಾಡಿರಿ. ಅಕ್ಷರ ಹೆಚ್ಚಾಗಿ ಚೌಕದಲ್ಲಿ ಹಿಡಿಯದಿದ್ದರೆ ಬಲಗಡೆ ಕೆಳಮೂಲೆಯಲ್ಲಿ ಸಣ್ಣ ಗುರುತು ಬೀಳುತ್ತದೆ. ಅದು ಎಚ್ಚರಿಕೆ: ಏನೋ ಒಳಗೆ ಅಡಗಿದೆ, ಮುದ್ರಣದಲ್ಲಿ ಬರುವುದಿಲ್ಲ. ಆಗ ಚೌಕ ದೊಡ್ಡದು ಮಾಡಿ, ಇಲ್ಲವೇ ಮಾತು ಕಡಿಮೆ ಮಾಡಿ.

3. ಚಿತ್ರ ಚೌಕಟ್ಟು: ಐ ಒತ್ತಿ ಚೌಕ ಎಳೆಯಿರಿ. ಬಲ ಕ್ಲಿಕ್ ಮಾಡಿ ಚಿತ್ರವನ್ನು ತನ್ನಿರಿ. ಚಿತ್ರವನ್ನು ಚೌಕಟ್ಟಿಗೆ ಹೊಂದಿಸುವ ಆಯ್ಕೆಯೂ ಅಲ್ಲೇ ಇದೆ. ಉದ್ದ ಮತ್ತು ಅಗಲ ಒಟ್ಟಿಗೆ ಹಿಗ್ಗುವಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಮಾವಿನಕಾಯಿ ಸೌತೆಕಾಯಿಯಂತೆ ಕಾಣುತ್ತದೆ.

4. ಗೆರೆ ಮತ್ತು ಆಕಾರ: ಗೆರೆಗೆ ಎಲ್, ಚೌಕ-ವೃತ್ತಗಳಿಗೆ ಎಸ್. ಹಸಿರು ಚೌಕ, ಹಸಿರು ಚುಕ್ಕೆಯನ್ನು ಇದರಲ್ಲೇ ಮಾಡಬಹುದು.

5. ಗುಣಲಕ್ಷಣಗಳ ಕಿಟಕಿ: ಎಫ್2 ಒತ್ತಿದರೆ ತೆರೆಯುತ್ತದೆ. ಇಲ್ಲಿ ವಸ್ತುವಿನ ಸ್ಥಾನ, ಅಗಲ, ಎತ್ತರವನ್ನು ಅಂಕೆಯಲ್ಲೇ ಕೊಡಬಹುದು. ಮೌಸ್‌ನಲ್ಲಿ ಅಂದಾಜು ಮಾಡುವುದಕ್ಕಿಂತ 50 ಎಂದು ಬರೆಯುವುದು ಸುಲಭ ಮತ್ತು ನಿಖರ.

6. ಮೇಲೆ-ಕೆಳಗೆ: ಬಣ್ಣದ ಚೌಕದ ಹಿಂದೆ ಅಕ್ಷರ ಮರೆಯಾದರೆ ಅಳಿಸಿಹೋಯಿತೆಂದು ಹೆದರಬೇಡಿ. ತಟ್ಟೆಯ ಮೇಲೆ ತಟ್ಟೆ ಇಟ್ಟ ಹಾಗೆ ವಸ್ತುಗಳು ಒಂದರ ಮೇಲೊಂದು ಕೂರುತ್ತವೆ. ಲೆವೆಲ್ ಆಯ್ಕೆಯಿಂದ ಚೌಕವನ್ನು ಕೆಳಗೆ ಕಳುಹಿಸಿರಿ.

7. ಹಿಂದಕ್ಕೆ: ತಪ್ಪಾದರೆ ಕಂಟ್ರೋಲ್ ಹಿಡಿದು ಝಡ್ ಒತ್ತಿ, ಮೊದಲಿನಂತಾಗುತ್ತದೆ. ಹೊಸಬರಿಗೆ ಇದೇ ದೊಡ್ಡ ಧೈರ್ಯ.

ಒಂದರಿಂದ ಒಂಬತ್ತು

ಒಂದು ಲೇಬಲ್ ಸರಿಯಾದ ಮೇಲೆ ಎಲ್ಲವನ್ನೂ ಒಟ್ಟಿಗೆ ಆರಿಸಿ ಗುಂಪು ಮಾಡಿರಿ. ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಎತ್ತರ. ಅಡ್ಡಕ್ಕೆ ಮೂರು ಲೇಬಲ್ ಎಂದರೆ 180, ಉದ್ದಕ್ಕೆ ಮೂರು ಎಂದರೆ 270. ಹಾಗಾಗಿ ಒಂದು ಹಾಳೆಗೆ ಒಂಬತ್ತು ಲೇಬಲ್. ಎಡ-ಬಲಕ್ಕೆ 15 ಮಿ.ಮೀ., ಮೇಲೆ-ಕೆಳಗೆ 13.5 ಮಿ.ಮೀ. ಉಳಿಯುತ್ತದೆ. ಹಲವು ಪ್ರತಿ ಮಾಡುವ ಆಯ್ಕೆಯಲ್ಲಿ ಮೂರು ಸಾಲು, ಮೂರು ಕಂಬ ಎಂದು ಕೊಟ್ಟರೆ ಸಾಫ್ಟ್‌ವೇರೇ ಜೋಡಿಸುತ್ತದೆ. 900 ಲೇಬಲ್ ಬೇಕಾದರೆ 100 ಹಾಳೆ ಸಾಕು.

ಮುದ್ರಣಕ್ಕೆ ಕೊಡುವ ಮೊದಲು

ಮುದ್ರಣಕ್ಕೆ ಚಿತ್ರದಲ್ಲಿ ಒಂದು ಅಂಗುಲಕ್ಕೆ 300 ಚುಕ್ಕೆಗಳಿರಬೇಕು. ನಮ್ಮ 50 ಮಿ.ಮೀ. ಅಗಲದ ಚಿತ್ರಕ್ಕೆ ಸುಮಾರು 600 ಪಿಕ್ಸೆಲ್ ಸಾಕು. ಮೊಬೈಲಿನಲ್ಲಿ ತೆಗೆದ ಫೋಟೋ ಧಾರಾಳ ಆಗ್ತದೆ. ಆದರೆ ಎ4 ಹಾಳೆಯ ಅಗಲವನ್ನು ತುಂಬುವ ಪೋಸ್ಟರಿಗೆ ಸುಮಾರು 2500 ಬೇಕು. ಸಣ್ಣ ಚಿತ್ರವನ್ನು ಹಿಗ್ಗಿಸಿದರೆ ಮಸುಕಾಗುತ್ತದೆ.

ಲೇಬಲಿನ ಬಣ್ಣ ಅಂಚಿನವರೆಗೂ ಇರುವುದಾದರೆ, ಬಣ್ಣವನ್ನು ಅಂಚಿನಿಂದ 3 ಮಿ.ಮೀ. ಹೊರಗೆ ಚಾಚಿರಿ, ಲೇಬಲ್‌ಗಳ ನಡುವೆಯೂ ಅಷ್ಟು ಜಾಗ ಬಿಡಿ. ಆಗ ಕತ್ತರಿಸುವಾಗ ಸ್ವಲ್ಪ ಸರಿದರೂ ಬಿಳಿ ಗೆರೆ ಉಳಿಯುವುದಿಲ್ಲ. ಜಾಗ ಬಿಟ್ಟರೆ ಹಾಳೆಗೆ ಹಿಡಿಯುವ ಲೇಬಲ್ ಕಡಿಮೆಯಾಗಬಹುದು, ಲೆಕ್ಕ ಹಾಕಿ. ಶುರು ಮಾಡುವವರಿಗೆ ಬಿಳಿ ಹಿನ್ನೆಲೆಯೇ ಒಳ್ಳೆಯದು. ಎರಡು ಫಾಂಟ್, ಎರಡು ಬಣ್ಣ ಸಾಕು. ಎಲ್ಲ ಬಣ್ಣ ಹಾಕಿದರೆ ತೂಕ, ಬೆಲೆ ಕಾಣಿಸುವುದಿಲ್ಲ.

ಕೊನೆಗೆ ಪಿ.ಡಿ.ಎಫ್. ಮಾಡಿರಿ, ಫಾಂಟ್ ಅದರೊಳಗೇ ಸೇರುವಂತೆ ಆಯ್ಕೆ ಮಾಡಿರಿ. ಆಗ ಯಾವ ಮುದ್ರಣಾಲಯಕ್ಕೆ ಕೊಟ್ಟರೂ ಅಕ್ಷರ ಕೆಡುವುದಿಲ್ಲ. ಪಿ.ಡಿ.ಎಫ್. ಮಾಡುವ ಮೊದಲು ಸ್ಕ್ರೈಬಸ್ ತಾನೇ ಪರೀಕ್ಷೆ ಮಾಡಿ, ಅಡಗಿದ ಅಕ್ಷರ, ಕಾಣೆಯಾದ ಚಿತ್ರ ಇದ್ದರೆ ಹೇಳುತ್ತದೆ. ಅದನ್ನು ಓದದೆ ಮುಂದೆ ಹೋಗಬೇಡಿ. ಚಿತ್ರಗಳು ಫೈಲಿನೊಳಗೆ ಇರುವುದಿಲ್ಲ, ಅವುಗಳ ದಾರಿ ಮಾತ್ರ ಇರುತ್ತದೆ. ಆದ್ದರಿಂದ ಫೈಲ್, ಚಿತ್ರ, ಫಾಂಟ್ ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿ ಇಡಿ.

ಸಂಘ ಮಾಡಬೇಕಾದದ್ದು

ಈ ವಿದ್ಯೆ ಒಬ್ಬಳ ಕೈಯಲ್ಲೇ ಉಳಿಯಬಾರದು. ಆಕೆ ಮದುವೆಯಾಗಿ ಬೇರೆ ಊರಿಗೆ ಹೋದರೆ, ಕೆಲಸ ಸಿಕ್ಕಿ ಹೋದರೆ, ನಾವು ಮತ್ತೆ ಅಂಗಡಿಯ ಬೆಂಚಿಗೇ ಬರುತ್ತೇವೆ. ಕನಿಷ್ಠ ಇಬ್ಬರು ಕಲಿಯಲಿ. ಫೋಲ್ಡರಿನ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ, ನಿರ್ಣಯ ಪುಸ್ತಕದ ಜೊತೆಗೆ ಇಡಿ. ಅದು ಸಂಘದ ಆಸ್ತಿ.

ಮುದ್ರಣಕ್ಕೆ ಕೊಡುವ ಮೊದಲು ಒಂದು ಪ್ರತಿ ತೆಗೆದು ಸಭೆಯಲ್ಲಿ ಗಟ್ಟಿಯಾಗಿ ಓದಿರಿ. ಟೈಪ್ ಮಾಡಿದವಳ ಕಣ್ಣಿಗೆ ತನ್ನ ತಪ್ಪು ಕಾಣುವುದು ಕಷ್ಟ. ಕಂಪ್ಯೂಟರ್ ಮುಟ್ಟದ ಹಿರಿಯ ಸದಸ್ಯೆಗೆ ಉಪ್ಪು, ಎಣ್ಣೆ, ತೂಕ, ಬೆಲೆ ಎಲ್ಲ ಬಾಯಿಪಾಠ. "ಇದರಲ್ಲಿ ಸಾಸಿವೆ ಬರೆಯಲಿಲ್ಲವಲ್ಲ?" ಎಂದು ಮೊದಲು ಕೇಳುವವರು ಅವರೇ. ಅವರೂ ಸಹಿ ಹಾಕಿದ ಮೇಲೆ ಮಾತ್ರ ಮುದ್ರಣ.

ಲೇಬಲಿನಲ್ಲಿ ಕೈ ಪಳಗಿದವರು ಮುಂದೆ ಕರಪತ್ರ, ಆಮಂತ್ರಣ, ಸಂಘದ ವಾರ್ಷಿಕ ವರದಿ ಮಾಡಬಹುದು. ಪಕ್ಕದ ಸಂಘಗಳಿಗೆ ಮಾಡಿಕೊಟ್ಟು ನ್ಯಾಯವಾದ ಮಜೂರಿ ಪಡೆಯಬಹುದು. ಈ ತಿಂಗಳ ಸಭೆಯಲ್ಲೇ ಕಲಿಯುವ ಇಬ್ಬರ ಹೆಸರು ಬರೆಯಿರಿ. ವಾರಕ್ಕೆ ಎರಡು ದಿನ, ದಿನಕ್ಕೆ ಒಂದು ಗಂಟೆ ಕುಳಿತರೆ ಸಾಕು. ಮುಂದಿನ ಮಾವಿನಕಾಯಿ ಕಾಲಕ್ಕೆ ನಮ್ಮ ಭರಣಿಯ ಮೇಲೆ ನಾವೇ ಮಾಡಿದ ಲೇಬಲ್ ಇರಲಿ.