ಬಿಟ್ಟ ಮೀನಿಗೂ ಲೆಕ್ಕವುಂಟು: ಮಿಲ್ ಲ್ಯಾಕ್ಸ್ ಸರೋವರದ ವಾಲ್‌ಐ ಬೇಟೆ

ಅಮೆರಿಕದ ಉತ್ತರ ಗಡಿಯಲ್ಲಿರುವ ಮಿನ್ನೆಸೋಟ ರಾಜ್ಯದಲ್ಲಿ ಮೇ ತಿಂಗಳ ನಡುವಿನ ಒಂದು ಶನಿವಾರಕ್ಕೆ ಹಬ್ಬದ ಕಳೆ. ಫೆಬ್ರುವರಿ ಕೊನೆಯಲ್ಲಿ ನಿಂತಿದ್ದ ವಾಲ್‌ಐ ಮೀನಿನ ಬೇಟೆ ಮತ್ತೆ ಆರಂಭವಾಗುವ ದಿನವದು. 1965ರಿಂದ ಇದು ಆ ರಾಜ್ಯದ ಅಧಿಕೃತ ಮೀನು. ಮಿನಿಯಾಪೊಲಿಸ್ ನಗರದಿಂದ ಸುಮಾರು 160 ಕಿ.ಮೀ. ಉತ್ತರಕ್ಕಿರುವ, 530 ಚದರ ಕಿ.ಮೀ.ಗೂ ಹೆಚ್ಚು ವಿಸ್ತಾರದ ಮಿಲ್ ಲ್ಯಾಕ್ಸ್ ಸರೋವರ ಈ ಬೇಟೆಗೆ ಹೆಸರುವಾಸಿ.

ನಡುವಣ ಬಿಡುವಿಗೆ ಕಾರಣವಿದೆ. ಏಪ್ರಿಲ್‌ನಲ್ಲಿ ಮಂಜುಗಡ್ಡೆ ಕರಗಿ ನೀರಿನ ಉಷ್ಣತೆ 6ರಿಂದ 10 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ವಾಲ್‌ಐ ರಾತ್ರಿಯ ವೇಳೆ ದಡದ ಕಲ್ಲುಹಾಸಿಗೆ ಬಂದು ಮೊಟ್ಟೆಯಿಡುತ್ತದೆ. ದೊಡ್ಡ ಹೆಣ್ಣು ಮೀನು ಲಕ್ಷಕ್ಕೂ ಮೀರಿ ಮೊಟ್ಟೆಯಿಟ್ಟರೂ ಅದು ಗೂಡು ಕಟ್ಟುವುದಿಲ್ಲ, ಮರಿಗಳನ್ನು ಕಾಯುವುದೂ ಇಲ್ಲ.

ಕಣ್ಣೇ ಆಯುಧ

ವಾಲ್‌ಐ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಪ್ರತಿಫಲಿಸುವ ಪದರವೊಂದಿದೆ. ಮಬ್ಬು ಬೆಳಕಿನಲ್ಲಿ ತನ್ನ ಆಹಾರವಾದ ಸಣ್ಣ ಮೀನುಗಳಿಗಿಂತ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಆದ್ದರಿಂದಲೇ ಅನುಭವಿ ಗಾಳಗಾರರು ಮುಸ್ಸಂಜೆ, ನಸುಕು ಹಾಗೂ ಮೋಡ ಕವಿದ ದಿನಗಳನ್ನು ಆರಿಸಿಕೊಳ್ಳುತ್ತಾರೆ. ಗಾಳಿಯಿಂದ ಅಲೆಯೆದ್ದು ನೀರಿನೊಳಗೆ ಬೆಳಕು ಕಡಿಮೆಯಾದರೆ ಹಗಲಿನಲ್ಲೂ ಮೀನು ಬೇಟೆಗೆ ಹೊರಡುತ್ತದೆ.

ವಸಂತದ ಕೊನೆಯಲ್ಲಿ ಮೀನುಗಳು ಇನ್ನೂ ಆಳವಿಲ್ಲದ ಕಲ್ಲುದಿಬ್ಬಗಳ ಸುತ್ತ ಇರುತ್ತವೆ. ತಂಪು ನೀರಿನಲ್ಲಿ ಅವುಗಳ ಚಲನೆ ನಿಧಾನ. ಹೀಗಾಗಿ ಸೀಸದ ತಲೆಯುಳ್ಳ ಜಿಗ್ ಎಂಬ ಗಾಳಕ್ಕೆ ಸಣ್ಣ ಮೀನನ್ನು ಸಿಕ್ಕಿಸಿ ತಳದ ಮೇಲೆ ಮೆಲ್ಲಗೆ ಕುಣಿಸುವುದು ರೂಢಿ. ನೀರು ಬೆಚ್ಚಗಾದಂತೆ ಜಿಗಣೆ, ಎರೆಹುಳುಗಳ ಸರದಿ.

ಹಕ್ಕು ಮತ್ತು ಮಿತಿ

1837ರ ಒಪ್ಪಂದದಲ್ಲಿ ಇಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರು ನೆಲವನ್ನು ಬಿಟ್ಟುಕೊಟ್ಟರೂ ಬೇಟೆ ಹಾಗೂ ಮೀನುಗಾರಿಕೆಯ ಹಕ್ಕನ್ನು ಉಳಿಸಿಕೊಂಡಿದ್ದರು. ಈ ಹಕ್ಕು ಇನ್ನೂ ಜೀವಂತವಾಗಿದೆಯೆಂದು ಅಮೆರಿಕದ ಸುಪ್ರೀಂ ಕೋರ್ಟ್ 1999ರಲ್ಲಿ 5-4 ಬಹುಮತದಿಂದ ತೀರ್ಪಿತ್ತಿತು. ಪ್ರತಿವರ್ಷ ಎಷ್ಟು ವಾಲ್‌ಐ ತೆಗೆಯಬಹುದೆಂಬ ಮಿತಿಯನ್ನು ರಾಜ್ಯ ಹಾಗೂ ಒಜಿಬ್ವೆ ಪಂಗಡಗಳು ಕೂಡಿ ನಿಗದಿಪಡಿಸಿ ಹಂಚಿಕೊಳ್ಳುತ್ತವೆ. ವಸಂತದಲ್ಲಿ ಒಜಿಬ್ವೆ ಜನರು ಬಲೆ ಬೀಸುವುದು ಗಾಳಗಾರರೊಂದಿಗೆ ಬಹುಕಾಲದ ವಿವಾದಕ್ಕೆ ಕಾರಣವಾಗಿದೆ.

ಆದರೆ ಸರೋವರದ ಸಂಕಟ ಬಲೆಯೊಂದರಿಂದ ಬಂದುದಲ್ಲ. ಮರಿಗಳು ಹುಟ್ಟುತ್ತಿದ್ದರೂ ಬೆಳೆದು ದೊಡ್ಡವಾಗುವವು ವಿರಳವಾದವು. ನೀರು ತಿಳಿಯಾಗುತ್ತ ಬಂದಿತು. ಮಬ್ಬನ್ನು ಬಯಸುವ ಮೀನಿಗೆ ಅನುಕೂಲವಾದ ತಾಣ ಕುಗ್ಗಿತು. 2005ರಲ್ಲಿ ಪತ್ತೆಯಾದ ಹೊರನಾಡಿನ ಜೀಬ್ರಾ ಮಸೆಲ್ ಎಂಬ ಚಿಪ್ಪುಜೀವಿ ನೀರನ್ನು ಸೋಸಿ ಇನ್ನಷ್ಟು ತಿಳಿಗೊಳಿಸಿತು. 2015ರ ಆಗಸ್ಟ್‌ನಲ್ಲಿ ರಾಜ್ಯದ ಪಾಲು ಮುಗಿದು ವಾಲ್‌ಐ ಬೇಟೆಯನ್ನೇ ನಿಲ್ಲಿಸಬೇಕಾಯಿತು. ದಡದ ವಸತಿಗೃಹಗಳಿಗೂ ಎರೆ ಮಾರುವ ಅಂಗಡಿಗಳಿಗೂ ಅದು ದೊಡ್ಡ ಪೆಟ್ಟು. 2016ರಲ್ಲಿ ಹಿಡಿದ ವಾಲ್‌ಐಯನ್ನು ಮರಳಿ ನೀರಿಗೆ ಬಿಡುವುದು ಕಡ್ಡಾಯವಾಯಿತು. 2019ರ ಮೇನಲ್ಲಿ ನಿಗದಿತ ಅಳತೆಯ ಒಂದು ಮೀನನ್ನು ಮಾತ್ರ ಒಯ್ಯಲು ಅವಕಾಶ ದೊರೆಯಿತು.

ಮರಳಿ ಬಿಟ್ಟರೆ ಹಾನಿಯಿಲ್ಲವೆಂಬುದೂ ಪೂರ್ತಿ ನಿಜವಲ್ಲ. ಕೊಕ್ಕೆಯ ಗಾಯದಿಂದ, ದಣಿವಿನಿಂದ ಕೆಲವು ಮೀನುಗಳು ಆಮೇಲೆ ಸಾಯುತ್ತವೆ. ನೀರು ಬೆಚ್ಚಗಾದಷ್ಟೂ ಸಾವು ಹೆಚ್ಚು. ಈ ಸಾವುಗಳನ್ನು ಅಂದಾಜಿಸಿ ಗಾಳಗಾರರ ಪಾಲಿನಿಂದಲೇ ಕಳೆಯಲಾಗುತ್ತದೆ. ಒಂದೂ ಮೀನನ್ನು ಮನೆಗೊಯ್ಯದೆ ಪಾಲು ಕರಗುವುದು ಹೀಗೆ. ನೀರು ತಂಪಾಗಿರುವ ವಸಂತದ ಕೊನೆಯ ವಾರಗಳು ಗಾಳಗಾರರಿಗಷ್ಟೇ ಅಲ್ಲ, ಬಿಡುಗಡೆಯಾದ ಮೀನಿಗೂ ಅನುಕೂಲಕರವೆನ್ನಲು ಇದೇ ಕಾರಣ.