ಬಾಗಿಲಿಲ್ಲದ ಕವಲುದಾರಿ

ಪೆಟ್ರೋಲು ನೂರಾರು ಹೈಡ್ರೊಕಾರ್ಬನ್ನುಗಳ ಮಿಶ್ರಣ. ಅವುಗಳಲ್ಲೊಂದಾದ ಬೆನ್ಜೀನ್ ರಕ್ತದ ಕ್ಯಾನ್ಸರನ್ನು ಉಂಟುಮಾಡಬಲ್ಲುದು. ಆದುದರಿಂದ ಭಾರತದಲ್ಲಿ ಮಾರುವ ಪೆಟ್ರೋಲಿನಲ್ಲಿ ಅದು ಗಾತ್ರದಲ್ಲಿ ನೂರಕ್ಕೆ 1 ಭಾಗವನ್ನು ಮೀರಕೂಡದು. ಈ ಸ್ವಲ್ಪವನ್ನು ಉಳಿದುದರಿಂದ ಬೇರ್ಪಡಿಸಿ ಅಳೆಯುವುದೆಂತು?

1952ರಲ್ಲಿ ಇಂಗ್ಲೆಂಡಿನಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ಪ್ರಕಟಿಸಿದ ಅನಿಲ-ದ್ರವ ಕ್ರೊಮಟೋಗ್ರಫಿಯೇ ಇದಕ್ಕೆ ಸಾಧನ. ಮಿಶ್ರಣದ ಆವಿಯನ್ನು ಹೀಲಿಯಂ ಪ್ರವಾಹವು ‘ಸ್ತಂಭ’ದ ಮೂಲಕ ಒಯ್ಯುತ್ತದೆ. ಹೆಸರು ಸ್ತಂಭವಾದರೂ ಇಂದು ಬಳಸುವುದು ಹತ್ತಾರು ಮೀಟರ್ ಉದ್ದದ, ಸುರುಳಿ ಸುತ್ತಿದ, ಬಲು ಸಣ್ಣ ಕೊಳವೆ. ಒಳಗೋಡೆಯ ಲೇಪದಲ್ಲಿ ಕೆಲವು ವಸ್ತುಗಳು ಹೆಚ್ಚು ಹೊತ್ತು ತಂಗುತ್ತವೆ, ಕೆಲವು ಬೇಗ ಹೊರಬೀಳುತ್ತವೆ.

ಕುದಿಬಿಂದುವಿನ ಕ್ರಮದಲ್ಲಿ ವಿಂಗಡಿಸುವ ಸ್ತಂಭವೊಂದಕ್ಕೆ ಇಲ್ಲಿ ತೊಡಕುಂಟು. ಬೆನ್ಜೀನ್ 80.1 ಡಿಗ್ರಿಯಲ್ಲಿ ಕುದಿದರೆ ಸೈಕ್ಲೊಹೆಕ್ಸೇನ್ 80.7ರಲ್ಲಿ ಕುದಿಯುತ್ತದೆ. ಆದರೆ ಬೇರೊಂದು ಬಗೆಯ ಲೇಪವು ಬೆನ್ಜೀನನ್ನು ಬಹಳ ಹೊತ್ತು ಹಿಡಿದಿಟ್ಟು, ಸೈಕ್ಲೊಹೆಕ್ಸೇನನ್ನು ಬೇಗ ಬಿಟ್ಟುಕೊಡುತ್ತದೆ. ಹಾಗಾದರೆ ಮೊದಲ ಸ್ತಂಭದಿಂದ ಬೆನ್ಜೀನ್ ಹೊರಡುವ ಆ ಕೆಲವು ಸೆಕೆಂಡುಗಳ ತುಣುಕನ್ನು ಮಾತ್ರ ಎರಡನೆಯ ಸ್ತಂಭಕ್ಕೆ ತಿರುಗಿಸಿದರೆ ಆಯಿತು.

ಗದ್ದೆಗೆ ನೀರು ಹಾಯಿಸುವವನು ಒಂದು ಬಾಯಿಗೆ ಮಣ್ಣು ಹಾಕಿ ನೀರನ್ನು ಇನ್ನೊಂದು ಕಡೆಗೆ ತಿರುಗಿಸುತ್ತಾನೆ. ಇಲ್ಲಿ ಮಣ್ಣಿನ ಕೆಲಸವನ್ನು ಕವಾಟ ಮಾಡಬಹುದಷ್ಟೆ? ಮಾಡಬಹುದು, ಆದರೆ ಇನ್ನೂರು ಡಿಗ್ರಿಯ ಒಲೆಯೊಳಗೆ ಚಲಿಸುವ ಭಾಗಗಳು ಸವೆದು ಸೋರುತ್ತವೆ, ಮೇಲಾಗಿ ಆವಿಯು ಕವಾಟದ ಸಂದುಗಳಲ್ಲಿ ಹರಡಿ ಬೇರ್ಪಟ್ಟುದು ಮತ್ತೆ ಬೆರೆಯುತ್ತದೆ.

1968ರಲ್ಲಿ ಡೀನ್ಸ್ ಎಂಬವರು ವಿವರಿಸಿದ ಉಪಾಯದಲ್ಲಿ ಆವಿಯ ದಾರಿಯಲ್ಲಿ ಕವಾಟವೇ ಇಲ್ಲ. ಮೊದಲ ಸ್ತಂಭದ ತುದಿ ಒಂದು ಪುಟ್ಟ ಅಡ್ಡನಳಿಕೆಯ ನಡುವಿಗೆ ಸೇರುತ್ತದೆ. ಅದರ ಎಡದಿಂದ ಬರಿಯ ಕೊಳವೆಯೊಂದು ನೇರವಾಗಿ ಶೋಧಕಕ್ಕೆ ಹೋದರೆ, ಬಲದಲ್ಲಿ ಎರಡನೆಯ ಸ್ತಂಭ. ಈಗ ಬಲತುದಿಗೆ ಶುದ್ಧ ಹೀಲಿಯಮನ್ನು ಬಿಡೋಣ. ಅದರ ಬಹುಪಾಲು ಎರಡನೆಯ ಸ್ತಂಭಕ್ಕೆ ಹರಿಯುತ್ತದೆ. ಮಿಕ್ಕುದು ಅಡ್ಡನಳಿಕೆಯಲ್ಲಿ ಎಡಕ್ಕೆ ನುಗ್ಗಿ, ನಡುವಿನಲ್ಲಿ ಬರುತ್ತಿರುವ ಆವಿಯನ್ನು ತನ್ನೊಡನೆ ಎಡಕ್ಕೇ ತಳ್ಳುತ್ತದೆ. ಹೀಲಿಯಮನ್ನು ಎಡತುದಿಗೆ ಬದಲಿಸಿದೊಡನೆ ಆವಿಯು ಬಲಕ್ಕೆ ತಿರುಗುತ್ತದೆ. ಹೀಗೆ ಬದಲಿಸಲು ಕವಾಟ ಬೇಕು, ದಿಟ. ಆದರೆ ಅದು ಒಲೆಯ ಹೊರಗೆ ತಣ್ಣಗಿರುತ್ತದೆ, ಅದನ್ನು ಮುಟ್ಟುವುದು ಶುದ್ಧ ಹೀಲಿಯಂ ಮಾತ್ರ.

ಎಡಗಡೆಯ ಬರಿಯ ಕೊಳವೆಯನ್ನು ಮನಬಂದಂತೆ ಆರಿಸುವಂತಿಲ್ಲ. ಪ್ರವಾಹಕ್ಕೆ ಅದು ಒಡ್ಡುವ ತಡೆ ಎರಡನೆಯ ಸ್ತಂಭದ ತಡೆಗೆ ಸಮನಾಗಿರಬೇಕು. ಇಲ್ಲವಾದರೆ ದಿಕ್ಕು ಬದಲಾದಾಗಲೆಲ್ಲ ಒತ್ತಡವೂ ಬದಲಾಗಿ ಮೊದಲ ಸ್ತಂಭದ ವೇಗ ಏರುಪೇರಾಗುತ್ತದೆ, ಬೆನ್ಜೀನ್ ಗೊತ್ತಾದ ಹೊತ್ತಿಗೆ ಬರುವುದಿಲ್ಲ. ಆ ಹೊತ್ತನ್ನಾದರೂ ಕಂಡುಕೊಳ್ಳಬೇಕಾದುದು ಪ್ರಯೋಗದಿಂದಲೇ: ಮೊದಲು ಶುದ್ಧ ಬೆನ್ಜೀನನ್ನು ಹಾಯಿಸಿ, ಅದು ಎಷ್ಟನೆಯ ಸೆಕೆಂಡಿಗೆ ತೊಡಗಿ ಎಷ್ಟನೆಯದಕ್ಕೆ ಮುಗಿಯಿತೆಂದು ಗುರುತಿಟ್ಟುಕೊಂಡು, ಅನಂತರವೇ ಪೆಟ್ರೋಲನ್ನು ಒಳಗೆ ಬಿಡುತ್ತಾರೆ.